ರೋಹಿಣಿಯಲ್ಲಿ ಬಿದ್ದ ಹಗುರ ಹಿಮ

ಇವತ್ತು ಬೆಳಿಗ್ಗೆ ಕಾಫಿಗೆ ಹಾಲಿಟ್ಟು ಒಲೆಯ ಮುಂದೆ ನಿಂತಿದ್ದೆ. ಮಗಳಿಂದ ಒಂದು ವಿಡಿಯೋ ಬಂತು. ಗುರುಗ್ರಾಮದ ಆಫೀಸಿನಲ್ಲಿ ಎರಡು ದಿನ ರಜೆ ಹಾಕಿ ಗೆಳತಿಯರ ಜೊತೆ ಬೆಟ್ಟದ ಕಡೆ ಹೋಗಿದ್ದಾಳೆ. ವಿಡಿಯೋದಲ್ಲಿ ಒಂದು ಚಹಾ ಅಂಗಡಿ, ಅದರ ತಗಡಿನ ಮಾಡು, ಹಿಂದೆ ಕಪ್ಪಗೆ ಎತ್ತರದ ಮರಗಳು. ಎಲ್ಲದರ ಮೇಲೂ ಬಿಳಿ ಚುಕ್ಕೆಗಳು ನಿಧಾನವಾಗಿ ಇಳಿಯುತ್ತಿದ್ದವು. ಹುಡುಗಿಯರು ಬಾಯಿ ತೆರೆದು ನಾಲಿಗೆ ಚಾಚಿ ಕೇಕೆ ಹಾಕುತ್ತಿದ್ದರು. ಕೆಳಗೆ ಮಗಳು ಬರೆದಿದ್ದಳು: ‘ಅಮ್ಮಾ, ಲೈಟ್ ಸ್ನೋಫಾಲ್!’

ಚೆನ್ನಾಗಿದೆ ಎಂದು ಬರೆಯಬೇಕಿತ್ತು. ತಾಯಂದಿರು ಬರೆಯುವುದು ಅದನ್ನೇ, ಕೊನೆಗೊಂದು ‘ಕಿವಿ ಮುಚ್ಚಿಕೋ’ ಸೇರಿಸಿ. ನಾನು ಆ ಎರಡು ಪದಗಳನ್ನು ನೋಡುತ್ತ ನಿಂತುಬಿಟ್ಟೆ, ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಲೈಟ್ ಸ್ನೋಫಾಲ್. ಹಗುರ ಹಿಮ. ಒಂದು ಕಾಲದಲ್ಲಿ ನಮ್ಮ ಬ್ಲಾಕಿನ ಒಂದು ಮನೆಯಲ್ಲಿ ಆ ಮಾತನ್ನು ದೇವರ ಪ್ರಸಾದದ ಹಾಗೆ ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಿದ್ದರು. ಆ ಮನೆಯ ಮುತ್ತಕ್ಕನ ಬಗ್ಗೆ ನಿಮಗೆ ಹೇಳಬೇಕು.

ಅದಕ್ಕೆ ಮೊದಲು ದೆಹಲಿಯ ಚಳಿಯ ವಿಷಯ ಒಂದಿಷ್ಟು. ಮಂಡ್ಯ ಕಡೆಯ ಹುಡುಗಿ ನಾನು. ಮದುವೆಯಾಗಿ, ಕೇಂದ್ರ ಸರ್ಕಾರದ ಗುಮಾಸ್ತರ ಕೈಹಿಡಿದು ಈ ಊರಿಗೆ ಬರುವಾಗ ನನ್ನ ಪೆಟ್ಟಿಗೆಯಲ್ಲಿದ್ದದ್ದು ಒಂದೇ ಒಂದು ಸ್ವೆಟರು, ಅದೂ ತೋಳಿಲ್ಲದ್ದು. ಮೊದಲ ಚಳಿಗಾಲವಿಡೀ ಮಂಕಿ ಕ್ಯಾಪಿನೊಳಗೆ ಕಳೆದೆ. ಆ ವರ್ಷದ ಫೋಟೋಗಳಲ್ಲಿ ನಾನು ಯಾರು, ನಮ್ಮವರು ಯಾರು ಎಂದು ಇವತ್ತಿಗೂ ಗೊತ್ತಾಗುವುದಿಲ್ಲ. ಸ್ನಾನದ ವಿಷಯವನ್ನು ದಯವಿಟ್ಟು ಕೇಳಬೇಡಿ. ಟಿವಿಯಲ್ಲಿ ಇಂದಿನ ಕನಿಷ್ಠ ತಾಪಮಾನ ಇಷ್ಟು ಎಂದು ಹೇಳುವ ಮೊದಲೇ ನಮ್ಮ ಅಡುಗೆಮನೆ ಅದನ್ನು ಹೇಳುತ್ತಿತ್ತು. ಕೊಬ್ಬರಿ ಎಣ್ಣೆ ಬಾಟಲಿಯ ಕುತ್ತಿಗೆಯಲ್ಲಿ ಗಟ್ಟಿಯಾದರೆ ನವೆಂಬರ್. ಬಾಟಲಿಯ ತಳದವರೆಗೂ ಬೆಳ್ಳಗೆ ಗಡ್ಡೆ ಕಟ್ಟಿದರೆ ಡಿಸೆಂಬರ್. ದೋಸೆ ಹಿಟ್ಟು ಎರಡು ದಿನ ಇಟ್ಟರೂ ಹುಳಿ ಬರದೆ ಸುಮ್ಮನೆ ಕೂತರೆ ಜನವರಿ. ಹಿಟ್ಟಿನ ಪಾತ್ರೆಗೆ ನಮ್ಮವರ ಹಳೆಯ ಸ್ವೆಟರು ತೊಡಿಸಿ, ಮೇಲೆ ರಜಾಯಿ ಹೊದಿಸಿ, ಮಗುವಿನ ಹಾಗೆ ಮಂಚದ ಮೇಲೆ ಮಲಗಿಸುತ್ತಿದ್ದೆ. ‘ಇದಕ್ಕೊಂದು ಹೆಸರಿಡು’ ಎಂದು ನಮ್ಮವರು ಹಾಸ್ಯ ಮಾಡುತ್ತಿದ್ದರು. ದೋಸೆ ತಿನ್ನುವಾಗ ಮಾತ್ರ ಹಾಸ್ಯವಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾವು ಪೀತಮ್‌ಪುರದ ಬಾಡಿಗೆ ಕೋಣೆ ಬಿಟ್ಟು ರೋಹಿಣಿಯ ಒಂದು ಸೆಕ್ಟರಿನಲ್ಲಿ ಸಣ್ಣ ಫ್ಲ್ಯಾಟಿಗೆ ಬಂದಿದ್ದೆವು. ನಮ್ಮ ಮೇಲಿನ ಮಹಡಿಯಲ್ಲಿ ಕೊಡಗಿನವರು. ಗಂಡ ಬೆಳ್ಳಿಯಪ್ಪನವರು ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಆಗ ಗುಡಗಾಂವ್ ಎನ್ನುತ್ತಿದ್ದ ಊರಿನ ದೊಡ್ಡ ಗಾಜಿನ ಕಟ್ಟಡವೊಂದರಲ್ಲಿ ಸೆಕ್ಯುರಿಟಿ ಅಧಿಕಾರಿಯಾಗಿದ್ದರು. ಹೆಂಡತಿಯೇ ಮುತ್ತಮ್ಮ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು, ನನ್ನ ಬಾಯಲ್ಲಿ ಮುತ್ತಕ್ಕ. ಒಬ್ಬನೇ ಮಗ ಪೂವಣ್ಣ, ಅಮ್ಮನ ಬಾಯಲ್ಲಿ ಪೂವು, ಮುದ್ದು ಉಕ್ಕಿದರೆ ಕುಂಞಿ, ಅಂದರೆ ಮಗು. ಅಪ್ಪನ ದಾರಿಯಲ್ಲೇ ಸೇನೆ ಸೇರಿ, ಆಗ ಲಡಾಖಿನ ಕಡೆ ಎಲ್ಲೋ ಎತ್ತರದ ಒಂದು ಠಾಣ್ಯದಲ್ಲಿದ್ದ. ಎಲ್ಲಿ ಎಂದು ಹೇಳುವ ಹಾಗಿರಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ಪೂವಣ್ಣ ನಿಜವಾಗಿಯೂ ಚೆಂದದ ಹುಡುಗ. ರಜೆಯಲ್ಲಿ ಬಂದಾಗ ನಮ್ಮ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೋಗಿ, ಬರುವಾಗ ಇಬ್ಬರೂ ಮೂತಿಯೆಲ್ಲ ಚಾಕಲೇಟು ಮಾಡಿಕೊಂಡು ಬರುತ್ತಿದ್ದರು.

ದೆಹಲಿಯ ಚಳಿಗಾಲದಲ್ಲಿ ಬಿಸಿಲಿರುವ ಕಡೆ ಸಂಸಾರ ನಡೆಯುತ್ತದೆ. ಹನ್ನೊಂದು ಗಂಟೆಗೆ ಮಂಜು ಹರಿದರೆ ಬ್ಲಾಕಿನ ಹೆಂಗಸರೆಲ್ಲ ತಾರಸಿಯ ಮೇಲೆ. ಯಾರೋ ಹೆಣೆಯುತ್ತಾರೆ, ಯಾರೋ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ, ಕೆಳಮನೆಯ ಪಂಜಾಬಿ ಮಾತಾಜಿ ಕಡಲೆಕಾಯಿ ಸುಲಿಯುತ್ತ ಲೋಕದ ಸೊಸೆಯಂದಿರನ್ನೆಲ್ಲ ವಿಚಾರಣೆ ಮಾಡುತ್ತಾರೆ. ನಾನೂ ಮುತ್ತಕ್ಕನೂ ಒಂದು ಚಾಪೆ ಹಾಸಿಕೊಂಡು ಹಸಿ ಬಟಾಣಿ ಬಿಡಿಸುತ್ತಿದ್ದೆವು. ನಾನು ಬಿಡಿಸಿದ್ದರಲ್ಲಿ ಅರ್ಧ ಬಾಯಿಗೆ ಹೋಗುತ್ತಿತ್ತು ಎಂಬುದು ಮುತ್ತಕ್ಕನ ಖಾಯಂ ದೂರು.

ಅವರಿಗೊಂದು ಅಭ್ಯಾಸವಿತ್ತು. ತಾರಸಿಗೆ ಬಂದವರು ಚಾಪೆ ಹಾಸುವ ಮೊದಲು, ಸಾಲಾಗಿ ನಿಂತ ಕರಿ ನೀರಿನ ಟ್ಯಾಂಕುಗಳ ಆಚೆ ಹೋಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ತಲೆಯ ಸ್ಕಾರ್ಫು ತೆಗೆದು, ಕಣ್ಣು ಮುಚ್ಚಿ, ಗಾಳಿಗೆ ಕೆನ್ನೆ ಕೊಡುತ್ತಿದ್ದರು. ಆಮೇಲೆ ಬಂದು ವರದಿ ಒಪ್ಪಿಸುತ್ತಿದ್ದರು.

‘ನಿನ್ನೆ ಬಿದ್ದಿದೆ ಕಣೇ. ಜಾಸ್ತಿ ಏನಿಲ್ಲ.’

ಮೊದಲ ಸಲ ನನಗೆ ಅರ್ಥವಾಗಿರಲಿಲ್ಲ. ‘ಏನು ಬಿತ್ತು ಮುತ್ತಕ್ಕ? ಯಾರ ಮನೆ ಬಟ್ಟೆ?’ ಎಂದು ಕೇಳಿದ್ದೆ.

‘ಹಿಮ ಕಣೇ, ಪೂವು ಇರೋ ಕಡೆ. ಅಲ್ಲಿ ಬಿದ್ರೆ ಇಲ್ಲಿಗೆ ಗಾಳಿ ಬರುತ್ತೆ. ಈ ಗಾಳಿ ಅವನನ್ನ ದಾಟಿಕೊಂಡೇ ಬರೋದು.’

ದೆಹಲಿಯವರಿಗೆ ಇದು ಹೊಸ ವಿಷಯವಲ್ಲ. ಬೆಟ್ಟದಲ್ಲಿ ಹಿಮ ಬಿದ್ದ ಮಾರನೆಯ ದಿನ ಇಲ್ಲಿ ಆಕಾಶ ತೊಳೆದಂತಾಗಿ, ಮೂಳೆಗೆ ಇಳಿಯುವ ಗಾಳಿ ಬೀಸುತ್ತದೆ. ತರಕಾರಿ ಭಯ್ಯಾ ಕೂಡ ಕೈ ಉಜ್ಜಿಕೊಳ್ಳುತ್ತ ‘ಪಹಾಡೋಂ ಪೇ ಬರ್ಫ್ ಗಿರೀ ಹೈ’ ಎಂದೇ ಮೂಲಂಗಿ ತೂಗುತ್ತಾನೆ. ಆದರೆ ಊರೆಲ್ಲ ಶಪಿಸುವ ಆ ಗಾಳಿಯನ್ನು ಮಗನ ಕಡೆಯಿಂದ ಬಂದ ನೆಂಟನ ಹಾಗೆ ಎದುರುಗೊಳ್ಳುತ್ತಿದ್ದವರು ಮುತ್ತಕ್ಕ ಒಬ್ಬರೇ. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ.

‘ಮುತ್ತಕ್ಕ, ನಡುವೆ ಎಷ್ಟು ಬೆಟ್ಟ ಇದೆ, ಪಂಜಾಬ್ ಇದೆ, ಹರಿಯಾಣ ಇದೆ. ಅಷ್ಟೆಲ್ಲ ದಾಟಿ ನಿಮ್ಮ ಪೂವೂನ ಗಾಳಿ ಸೀದಾ ನಮ್ಮ ಬ್ಲಾಕಿಗೇ ಬರುತ್ತಾ?’ ಎಂದು ಕಾಲೆಳೆಯುತ್ತಿದ್ದೆ.

‘ನಿನ್ನ ಮಗಳು ನಾಳೆ ದೂರ ಹೋಗ್ಲಿ, ಆಗ ನಿಂಗೂ ಬರುತ್ತೆ’ ಎಂದು ನಗುತ್ತಿದ್ದರು. ನಗುವಾಗ ಅವರ ಕೆನ್ನೆಯ ಗುಳಿ ನೋಡಬೇಕಿತ್ತು ನೀವು.

ಕೊಡಗಿನವರಾದ್ದರಿಂದ ಚಳಿ, ಮಂಜು ಅವರಿಗೆ ಹೊಸದಲ್ಲ. ‘ನಮ್ಮಲ್ಲಿ ಒದ್ದೆ ಚಳಿ, ಇಲ್ಲಿ ಒಣ ಚಳಿ’ ಎಂದು ವಿಂಗಡಿಸುತ್ತಿದ್ದರು. ಆದರೆ ಹಿಮವನ್ನು ಕಣ್ಣಲ್ಲಿ ಕಂಡವರಲ್ಲ. ಗಂಡನ ವರ್ಗಾವಣೆಗಳಲ್ಲಿ ಹೆಂಡತಿ ಜೊತೆಗಿರಬಹುದಾದ ಊರುಗಳೆಲ್ಲ ಬಯಲು ಸೀಮೆಯವು, ಹಿಮದ ಊರಿಗೆ ಬೆಳ್ಳಿಯಪ್ಪನವರು ಒಬ್ಬರೇ ಹೋಗಬೇಕಿತ್ತು. ಹಾಗಾಗಿ ಹಿಮದ ವಿಷಯದಲ್ಲಿ ಗಂಡನ ಮಾತೇ ಆಕೆಗೆ ವೇದ. ಟಿವಿಯಲ್ಲಿ ಹವಾಮಾನ ಬಂದರೆ ಮನೆಯಲ್ಲಿ ಉಸಿರೂ ಕೇಳಿಸಬಾರದು. ಭಾರೀ ಹಿಮಪಾತ ಎಂದರೆ ಮುತ್ತಕ್ಕನ ಮುಖ ಸಣ್ಣದಾಗುತ್ತಿತ್ತು. ಹೆಲಿಕಾಪ್ಟರ್ ಹಾರುವುದಿಲ್ಲ, ದಾರಿ ಮುಚ್ಚುತ್ತದೆ, ರಜೆ ಸಿಕ್ಕಿದ್ದರೂ ಹುಡುಗ ಕೆಳಗಿಳಿಯುವುದಿಲ್ಲ. ಹಗುರ ಹಿಮಪಾತ ಎಂದರೆ ಸರಿ. ಬೆಳ್ಳಿಯಪ್ಪನವರು ನಮ್ಮೆದುರಿಗೇ ಅದನ್ನು ವಿವರಿಸಿದ್ದರು. ‘ಹಗುರ ಅಂದ್ರೆ ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ ಬೀಳೋದು ಅಷ್ಟೇ. ಭುಜ ಕೊಡವಿದ್ರೆ ಹೋಯ್ತು. ಅದರಿಂದ ಏನೂ ಆಗಲ್ಲ.’

ಆ ವರ್ಷ ಪೂವಣ್ಣನಿಗೆ ಹೊಸ ವರ್ಷ ಕಳೆದ ಮೇಲೆ ರಜೆ ಸಿಕ್ಕಿತ್ತು. ಅಪರೂಪಕ್ಕೆ ಅವನ ಫೋನು ಬರುತ್ತಿತ್ತು, ನಡುನಡುವೆ ಕಡಿದುಹೋಗುವ ಫೋನು. ಮುತ್ತಕ್ಕ ಮೊದಲು ಕೇಳುತ್ತಿದ್ದದ್ದು ಊಟವಾಯಿತಾ ಎಂದಲ್ಲ, ‘ಅಲ್ಲಿ ಹೇಗಿದೆ?’ ಎಂದು. ಡಿಸೆಂಬರಿನಲ್ಲಿ ಬಂದ ಫೋನಿನಲ್ಲಿ ಅವನು ಹೇಳಿದ್ದನ್ನು ಮುತ್ತಕ್ಕ ಕೆಳಗೆ ಓಡಿಬಂದು ನನಗೆ ಒಪ್ಪಿಸಿದ್ದರು. ‘ಲೈಟ್ ಸ್ನೋ ಅಷ್ಟೇ ಅಂತೆ ಕಣೇ! ಹೀಗೇ ಇದ್ರೆ ಹೇಳಿದ ದಿನ ಇಳೀತೀನಿ ಅಂದ.’ ಅವತ್ತಿನಿಂದ ಆಕೆಯ ಪ್ರಾರ್ಥನೆಯೂ ಅಷ್ಟೇ ಅಳತೆಯದಾಯಿತು. ಹಿಮ ಬೀಳಲೇಬಾರದು ಎಂದು ಬೇಡುವುದು ದುರಾಸೆ, ಬೀಳಲಿ, ಹಗುರವಾಗಿ ಬೀಳಲಿ. ಕಾವೇರಮ್ಮನ ಪಟದ ಮುಂದೆ ನಿಂತು, ಅಡುಗೆಗೆ ಉಪ್ಪು ಹಾಕುವಾಗಿನಷ್ಟು ಎಚ್ಚರದಿಂದ ಹಾಗೆ ಕೇಳಿಕೊಳ್ಳುತ್ತಿದ್ದರು.

ಆ ದಿನ ಬಿಸಿಲು ತುಂಬ ಚೆನ್ನಾಗಿತ್ತು. ಬೆಳಗಿನ ಟಿವಿಯಲ್ಲಿ ಹಗುರ ಹಿಮಪಾತ ಎಂದೇ ಹೇಳಿದ್ದರು. ಮುತ್ತಕ್ಕ ಹಾಡು ಗುನುಗಿಕೊಂಡು ಬಟಾಣಿ ಬಿಡಿಸುತ್ತಿದ್ದರು, ಪೂವು ಬಂದಾಗ ಹಂದಿಮಾಂಸಕ್ಕೆ ಹಾಕಲು ಊರಿನ ಕಾಚಂಪುಳಿಯ ಹುಳಿರಸ ಉಳಿದಿದೆಯೇ ಎಂದು ಯೋಚಿಸುತ್ತಿದ್ದರು. ಸಸ್ಯಾಹಾರಿಯಾದ ನನ್ನ ಮುಂದೆ ಆ ಅಡುಗೆಯನ್ನು ವರ್ಣಿಸುವುದು ಆಕೆಗೆ ಒಂದು ಖುಷಿ. ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳಿಸಿತು. ಸಂಜೆ ಏಳಕ್ಕೆ ಚಾರ್ಟರ್ಡ್ ಬಸ್ಸಿನಲ್ಲಿ ಬರಬೇಕಾದ ಬೆಳ್ಳಿಯಪ್ಪನವರು ನಡುಮಧ್ಯಾಹ್ನ ತಾರಸಿಯ ಬಾಗಿಲಲ್ಲಿ ನಿಂತಿದ್ದರು. ನೆಟ್ಟಗೆ ನಿಂತಿದ್ದರು. ಹೆಂಡತಿಗೆ ಕೊಡವ ಭಾಷೆಯಲ್ಲಿ ಒಂದೆರಡು ಮಾತು ಹೇಳಿದರು. ನನಗೆ ಆ ಭಾಷೆ ಬರುವುದಿಲ್ಲ. ಆದರೂ ಅವರು ಹೇಳಿ ಮುಗಿಸುವಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಕಾವಲಿಗೆ ಹೊರಟ ತಂಡದ ಮೇಲೆ ಹಿಮದ ಇಳಿಜಾರು ಜಾರಿ ಬಿದ್ದಿತ್ತು. ಜೊತೆಯವರು ಸಿಕ್ಕಿದ್ದರು. ಪೂವಣ್ಣ ಸಿಕ್ಕಿರಲಿಲ್ಲ. ಕೆಲವು ದಿನ ಹುಡುಕಿದರು. ಆಮೇಲೆ ನಿಜವಾಗಿಯೂ ಭಾರೀ ಹಿಮ ಬಿದ್ದು, ಹುಡುಕಾಟ ನಿಂತು, ಬೇಸಿಗೆಯಲ್ಲಿ ಹಿಮ ಕರಗಿದ ಮೇಲೆಯೇ ಎಂದು ತಿಳಿಸಿದರು.

ಬೆಳ್ಳಿಯಪ್ಪನವರು ಒಂದು ದಿನ ನಮ್ಮವರ ಮುಂದೆ ಮಾತ್ರ ಹೇಳಿದರಂತೆ. ಹಳೆಯ ಹಿಮ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಅದರ ಮೇಲೆ ಹೊಸದಾಗಿ ಹಗುರ ಹಿಮ ಬಿದ್ದರೆ ಅಂಟಿಕೊಳ್ಳುವುದಿಲ್ಲ, ಜಾರುವುದು ಅದೇ. ‘ಇದು ನನಗೆ ಗೊತ್ತಿತ್ತು ಸಾರ್. ಮುತ್ತುಗೆ ಹೇಗೆ ಹೇಳೋದು? ಅವಳಿಗೂ ನಂಬೋಕೆ ಏನಾದ್ರೂ ಬೇಕಲ್ಲ.’ ನಮ್ಮವರು ಅದನ್ನು ನನಗೆ ಹೇಳಿದ್ದು ಎಷ್ಟೋ ತಿಂಗಳ ನಂತರ.

ವಿರಾಜಪೇಟೆಯಿಂದ ನೆಂಟರ ಫೋನುಗಳು ಬಂದವು. ಊರಿಗೆ ಬನ್ನಿ, ಆಗಬೇಕಾದ ಕರ್ಮಗಳನ್ನು ಮುಗಿಸೋಣ, ಹುಡುಗನಿಗೆ ದಾರಿ ಮಾಡಿಕೊಡೋಣ ಎಂದು ಹಿರಿಯರು ಹೇಳಿದರು. ಮುತ್ತಕ್ಕ ಒಪ್ಪಲಿಲ್ಲ. ಅವರು ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಒಂದೇ ಮಾತು. ‘ಮುಖ ನೋಡದೆ ನಾನು ಏನನ್ನೂ ಮಾಡಲ್ಲ. ಇಲ್ಲಿಂದ ಏಳೋದೂ ಇಲ್ಲ. ಊರಿಗೆ ಹೋದ್ರೆ ಅವನಿಂದ ಇನ್ನೂ ದೂರ ಹೋದ ಹಾಗೆ.’ ಮಗ ಹೋಗಿದ್ದಾನೆ ಎಂಬುದು ಅವರಿಗೆ ತಿಳಿದಿತ್ತು. ಬದುಕಿದ್ದಾನು ಎಂಬ ಭ್ರಮೆ ಒಂದು ಗಳಿಗೆಯೂ ಇರಲಿಲ್ಲ. ಅವನ ಮುಖ ನೋಡಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಅದನ್ನೂ ಕೊಡಲಾರದಷ್ಟು ಈ ಲೋಕ ಜಿಪುಣವಾಗಿತ್ತು ಎಂದು ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಆ ಚಳಿಗಾಲದ ಉಳಿದ ದಿನಗಳು. ನನ್ನ ಜೀವನದಲ್ಲಿ ಅಷ್ಟು ಉದ್ದದ ಚಳಿಗಾಲ ಇನ್ನೊಂದಿಲ್ಲ. ಮುತ್ತಕ್ಕ ದಿನವೂ ತಾರಸಿಗೆ ಬರುತ್ತಿದ್ದರು, ಟ್ಯಾಂಕುಗಳಾಚೆ ಹೋಗಿ ನಿಲ್ಲುತ್ತಿದ್ದರು. ಗಾಳಿ ಅದೇ ಕಡೆಯಿಂದಲೇ ಬರುತ್ತಿತ್ತು. ಇಲ್ಲಿ ಚಳಿ ಏರಿದರೆ ಅಲ್ಲಿ ಮಗನ ಮೇಲೆ ಇನ್ನೊಂದು ಪದರ ಬಿದ್ದಿದೆ ಎಂದರ್ಥ. ನಾನು ಹಿಂದೆ ಹೋಗಿ ನಿಂತರೆ ಅವರು ಗಾಳಿಗೆ ಮೆಲ್ಲಗೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ‘ಸಾಕು. ಇನ್ನು ಸಾಕು.’ ಹಟ ಮಾಡುವ ಮಗುವಿಗೆ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದರು. ಮಾತಾಜಿ ಕಡಲೆಕಾಯಿ ಬುಟ್ಟಿಯನ್ನು ಪಕ್ಕಕ್ಕಿಟ್ಟು ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೆ ಕನ್ನಡ ಬಾರದು, ಆದರೆ ಆ ‘ಸಾಕು’ ಅರ್ಥವಾಗಿತ್ತು.

ಜನವರಿಯ ಒಂದು ಬೆಳಿಗ್ಗೆ ಮಕ್ಕಳ ಕೂಗಿಗೆ ನಮಗೆ ಎಚ್ಚರವಾಯಿತು. ‘ಬರ್ಫ್! ಬರ್ಫ್ ಗಿರೀ!’ ನಮ್ಮ ಮಗಳು ಆಗಿನ್ನೂ ಶಾಲೆಗೆ ಹೋಗುವ ಪುಟ್ಟಿ, ಮಂಕಿ ಕ್ಯಾಪು ಅರ್ಧ ಹಾಕಿಕೊಂಡು ಆಗಲೇ ಮೆಟ್ಟಿಲಿಳಿದಿದ್ದಳು. ಕೆಳಗೆ ಹೋಗಿ ನೋಡಿದರೆ ನಿಜಕ್ಕೂ ಬಿಳುಪು. ಪಾರ್ಕಿನ ಹುಲ್ಲಿನ ಮೇಲೆ, ಬೆಂಚಿನ ಮೇಲೆ, ಸಾಲಾಗಿ ನಿಂತ ಕಾರುಗಳ ಮಾಡಿನ ಮೇಲೆ, ಗಾಜಿನ ಮೇಲೆ, ತೆಳ್ಳಗೆ ಬೆಳ್ಳಗೆ. ಅದು ಹಿಮವಲ್ಲ, ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿದ್ದು. ಹಿಂದಿಯಲ್ಲಿ ಪಾಲಾ ಅನ್ನುತ್ತಾರೆ. ಆದರೆ ದೆಹಲಿಯ ಮಕ್ಕಳಿಗೆ ಅಷ್ಟೆಲ್ಲ ವ್ಯಾಕರಣ ಯಾಕೆ? ಕಾರಿನ ಮೇಲಿಂದ ಉಗುರಲ್ಲಿ ಕೆರೆದು ಒಬ್ಬರ ಕತ್ತಿಗೆ ಒಬ್ಬರು ಹಾಕಿ ಕುಣಿಯುತ್ತಿದ್ದವು. ದೊಡ್ಡವರು ಕ್ಯಾಮರಾ ತಂದರು. ಸುಳ್ಳು ಹೇಳಬಾರದು, ನಾನೂ ಒಂದು ಕ್ಷಣ ಎಲ್ಲ ಮರೆತು ಕಾರಿನ ಮೇಲೆ ಬೆರಳಿಟ್ಟು ಒಂದು ಗೆರೆ ಎಳೆದೆ.

ಆಗ ಮುತ್ತಕ್ಕ ಇಳಿದು ಬಂದರು. ಕಾಲಿಗೆ ಹವಾಯಿ ಚಪ್ಪಲಿ. ಯಾರನ್ನೂ ನೋಡಲಿಲ್ಲ. ಸಾಲಿನ ಮೊದಲ ಕಾರಿನ ಹತ್ತಿರ ಹೋಗಿ ಮುಂದಿನ ಗಾಜಿನ ಮೇಲಿನ ಬಿಳುಪನ್ನು ಬರಿಗೈಯಲ್ಲಿ ಒರೆಸತೊಡಗಿದರು. ಪೂರ್ತಿ ಒರೆಸಿ, ಬಗ್ಗಿ, ಎರಡೂ ಕೈ ಹುಬ್ಬಿಗೆ ಹಿಡಿದು ಒಳಗೆ ನೋಡಿದರು. ಎರಡನೆಯ ಕಾರಿಗೆ ಹೋದರು. ಕಾರಿನ ಯಜಮಾನ, ಒಳ್ಳೆಯ ಮನುಷ್ಯ, ಉಪಕಾರ ಮಾಡುತ್ತಿದ್ದಾರೆ ಎಂದುಕೊಂಡು ‘ಅರೇ ಆಂಟೀಜಿ, ರೆಹನೇ ದೀಜಿಯೇ, ಮೈಂ ಕರ್ ಲೂಂಗಾ’ ಎಂದು, ತಾವೇ ಒರೆಸಿಕೊಳ್ಳುವುದಾಗಿ ಹೇಳಿದರು. ಮುತ್ತಕ್ಕನಿಗೆ ಕೇಳಿಸಲಿಲ್ಲ. ಗಾಜು ಒರೆಸಿದರು, ಬಗ್ಗಿ ಒಳಗೆ ನೋಡಿದರು, ಮುಂದಿನದಕ್ಕೆ ಹೋದರು. ಮೂರನೆಯ ಕಾರಿನ ಹತ್ತಿರ ನನಗೆ ಹೊಳೆಯಿತು. ಅವರು ಆ ಬಿಳುಪಿನ ಕೆಳಗೆ ಒಂದು ಮುಖ ಹುಡುಕುತ್ತಿದ್ದರು.

ಬೆಳ್ಳಿಯಪ್ಪನವರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ತಡೆಯಿರಿ ಎಂಬಂತೆ ನಾನು ಅವರನ್ನು ನೋಡಿದೆ. ಅವರು ಬೇಡ ಎಂದು ತಲೆಯಾಡಿಸಿದರು. ಮಕ್ಕಳಿಗೆ ಇದು ಆಟದಂತೆ ಕಂಡಿತು. ಅವೂ ಬಂದು ಆಂಟಿಯ ಅಕ್ಕಪಕ್ಕ ನಿಂತು ಪುಟ್ಟ ಕೈಗಳಿಂದ ಬಾಗಿಲು, ಬಾನೆಟ್ಟು ಎಲ್ಲ ಒರೆಸತೊಡಗಿದವು. ನನಗೆ ಇನ್ನೇನು ಮಾಡಬೇಕೋ ತಿಳಿಯಲಿಲ್ಲ. ನಾನೂ ಹೋಗಿ ಒರೆಸಿದೆ. ಅಂಗೈ ಮೊದಲು ಉರಿಯಿತು, ಆಮೇಲೆ ಮರಗಟ್ಟಿತು. ಸಾಲಿನ ಕೊನೆಯ ಕಾರಿನವರೆಗೂ ಹಾಗೇ ಹೋದೆವು. ಕೊನೆಯದರ ಒಳಗೂ ನೋಡಿದ ಮೇಲೆ ಮುತ್ತಕ್ಕ ಕೆಂಪಾದ ತಮ್ಮ ಕೈಗಳನ್ನು ನೋಡಿಕೊಂಡು, ನನ್ನ ಕಡೆ ತಿರುಗಿ, ‘ಇಷ್ಟು ತೆಳ್ಳಗಿದ್ದದ್ದೇ ಹೀಗೆ ಕಡಿಯುತ್ತಲ್ಲೇ’ ಎಂದರು. ಅಷ್ಟು ದಿನದಲ್ಲಿ ಅವರು ಅತ್ತದ್ದು ಆಗ. ಬಿಸಿಲು ಬಂದು, ಉಳಿದಿದ್ದ ಬಿಳುಪೆಲ್ಲ ನೀರಾಗಿ ಚರಂಡಿಗೆ ಹೋಯಿತು.

ನಮ್ಮ ಮಗಳ ನೆನಪಿನಲ್ಲಿ ಅದು ಬಾಲ್ಯದ ಅತ್ಯಂತ ಸಂತೋಷದ ದಿನ. ‘ರೋಹಿಣಿ ಮೇ ಸ್ನೋ ಬಿದ್ದಿತ್ತು, ಮುತ್ತಮ್ಮ ಆಂಟಿನೂ ನಮ್ಮ ಜೊತೆ ಆಡ್ತಾ ಇದ್ರು, ಯಾದ್ ಹೈ ಅಮ್ಮ?’ ಎಂದು ಎಷ್ಟು ಸಲ ಕೇಳಿದ್ದಾಳೆ. ಹೌದು ಎನ್ನುತ್ತ ಬಂದಿದ್ದೇನೆ. ಅವಳ ಸಂತೋಷವೂ ಸುಳ್ಳಲ್ಲವಲ್ಲ.

ಫೆಬ್ರವರಿ ಕಳೆಯಿತು. ಸ್ವೆಟರುಗಳು, ರಜಾಯಿಗಳು, ಶಾಲುಗಳು ಒಂದೊಂದಾಗಿ ಬಿಸಿಲು ಕಂಡು, ಡಾಂಬರು ಗುಳಿಗೆಯ ಜೊತೆ ಮಂಚದ ಪೆಟ್ಟಿಗೆ ಸೇರಿದವು. ಕೊಬ್ಬರಿ ಎಣ್ಣೆ ಕರಗಿತು. ಏಪ್ರಿಲ್, ಮೇ. ದೆಹಲಿಯ ಬೇಸಿಗೆ ಎಂದರೆ ಗೊತ್ತಲ್ಲ, ಲೂ ಎಂಬ ಬಿಸಿಗಾಳಿ ಬೀಸಿದರೆ ಕಣ್ಣಿನ ರೆಪ್ಪೆಯೂ ಒಣಗುತ್ತದೆ. ಕರೆಂಟು ಹೋಗಿ, ಕೂಲರು ನಿಂತು, ಊರಿಗೆ ಊರೇ ಮಳೆಗಾಗಿ ಬಾಯಿಬಿಡುತ್ತಿದ್ದಾಗ ಮುತ್ತಕ್ಕ ತಾರಸಿಯ ಬಾಗಿಲು ತೆರೆದು ಆ ಕಾವಿನಲ್ಲಿ ನಿಲ್ಲುತ್ತಿದ್ದರು. ‘ಇವತ್ತು ಬಿಸಿಲು ಚೆನ್ನಾಗಿದೆ ಕಣೇ’ ಎನ್ನುತ್ತಿದ್ದರು. ಬಿಸಿಲು ಇನ್ನೂ ಕಾಯಲಿ ಎಂದು ಬೇಡುತ್ತಿದ್ದವರು ಇಡೀ ದೆಹಲಿಯಲ್ಲಿ ಅವರೊಬ್ಬರೇ ಇದ್ದಿರಬೇಕು. ಮೈತುಂಬ ಬೆವರುಸಾಲೆ ಎದ್ದಿದ್ದ ನಾನು, ಆಕೆಗಾಗಿ, ಹೌದು ಮುತ್ತಕ್ಕ ಚೆನ್ನಾಗಿದೆ ಎನ್ನುತ್ತಿದ್ದೆ.

ಜೂನಿನಲ್ಲಿ ಫೋನು ಬಂತು. ಪೂವಣ್ಣ ಸಿಕ್ಕಿದ್ದ. ವಿಮಾನದಲ್ಲಿ ದೆಹಲಿಗೆ ತಂದು, ಮರುದಿನ ಇಲ್ಲಿಂದ ಊರಿಗೆ ಕಳಿಸುವುದು ಎಂದಾಯಿತು. ನೋಡಲು ದೆಹಲಿಯಲ್ಲೇ ಅವಕಾಶವಿತ್ತು. ‘ನೀನು ಬರ್ತೀಯಾ?’ ಎಂದು ಮುತ್ತಕ್ಕ ಕೇಳಿದರು. ನಾನೂ ನಮ್ಮವರೂ ಹೋದೆವು. ಅಂಥ ಜಾಗಕ್ಕೆ ಹೋಗುವಾಗ ಏನು ತೆಗೆದುಕೊಳ್ಳಬೇಕೆಂದು ಯಾರಿಗೆ ಗೊತ್ತಿರುತ್ತದೆ? ಮುತ್ತಕ್ಕ ಬಿಸಿಲಿಗೆ ತಲೆ ಸುತ್ತಿ ಬಿದ್ದಾರು ಎಂಬ ಭಯ ನನಗೆ. ಬ್ಯಾಗಿನಲ್ಲಿ ತಣ್ಣೀರಿನ ಬಾಟಲಿ, ಗ್ಲುಕೋಸು, ಬೀಸಣಿಗೆ, ಒದ್ದೆ ಕರ್ಚೀಫು ಇಟ್ಟುಕೊಂಡೆ. ಬೆಳ್ಳಿಯಪ್ಪನವರು ಆ ಉರಿಯಲ್ಲೂ ಉಣ್ಣೆಯ ಕಪ್ಪು ಬ್ಲೇಜರು ತೊಟ್ಟು, ಎದೆಯ ಮೇಲೆ ಪದಕಗಳನ್ನು ಧರಿಸಿದ್ದರು. ಮಗನನ್ನು ಎದುರುಗೊಳ್ಳುವಾಗ ಹಾಗೆಯೇ ಹೋಗಬೇಕಂತೆ.

ಒಂದು ದೊಡ್ಡ ಖಾಲಿ ಕೋಣೆ, ಮೇಲೆ ಫ್ಯಾನು ಸುಮ್ಮನೆ ಬಿಸಿ ಗಾಳಿಯನ್ನು ಕಲಕುತ್ತಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು ಮುಖದ ಬಟ್ಟೆ ಸರಿಸಿದರು. ನಾನು ನೋಡಲಾರೆ ಎಂದುಕೊಂಡಿದ್ದೆ, ನೋಡಿದೆ. ಹಿಮ ಅವನನ್ನು ಇದ್ದ ಹಾಗೆಯೇ ಇಟ್ಟಿತ್ತು. ನಮ್ಮ ಮಗಳನ್ನು ಹೆಗಲ ಮೇಲೆ ಹೊತ್ತಿದ್ದ ಅದೇ ಹುಡುಗ.

ಮುತ್ತಕ್ಕ ಬಹಳ ಹೊತ್ತು ನೋಡಿದರು. ಆಮೇಲೆ, ‘ಮೀಸೆ ಬಿಟ್ಟಿದ್ದಾನೆ. ಫೋನಲ್ಲಿ ಹೇಳಲೇ ಇಲ್ಲ ನೋಡು’ ಎಂದರು. ಬಗ್ಗಿ ಅವನ ಕೆನ್ನೆಯ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ಥಟ್ಟನೆ ತೆಗೆದು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿದ್ದದ್ದು ದುಃಖ ಕೂಡ ಅಲ್ಲ, ಅವಸರ. ಮಗುವಿಗೆ ಜ್ವರ ಬಂದಾಗ ತಾಯಿಗೆ ಇರುತ್ತದಲ್ಲ, ಆ ಅವಸರ.

‘ಕುಂಞಿಗೆ ತುಂಬ ಚಳಿ ಆಗಿದೆ ಕಣೇ. ಒಂದು ಶಾಲು ಕೊಡು.’

ಜೂನ್ ತಿಂಗಳ ದೆಹಲಿಯಲ್ಲಿ ಶಾಲು ಯಾರ ಹತ್ತಿರ ಇರುತ್ತದೆ? ನಾನು ಬ್ಯಾಗಿನಲ್ಲಿ ಕೈಯಾಡಿಸಿದೆ. ಇಲ್ಲವೆಂದು ಗೊತ್ತಿದ್ದೂ ಆಡಿಸಿದೆ. ಕೈಗೆ ಸಿಕ್ಕಿದ್ದೆಲ್ಲ ತಣ್ಣಗಿನದೇ. ಕೊನೆಗೆ ನನ್ನ ಹತ್ತಿಯ ದುಪಟ್ಟಾ ತೆಗೆದು ಕೊಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ ಹೊಸಕಿ ನೋಡಿ, ನನ್ನ ಕೈಗೇ ವಾಪಸು ಇಟ್ಟು, ‘ಇದು ತೆಳು, ಇದರಲ್ಲಿ ಚಳಿ ಹೋಗಲ್ಲ’ ಎಂದರು. ಮತ್ತೆ ಸುತ್ತ ನೋಡಿದರು. ಬೆವರು ಸುರಿಸುತ್ತ ನಿಂತಿದ್ದ ಜವಾನರು ತಲೆ ತಗ್ಗಿಸಿ ನಿಂತರು. ‘ಯಾರ ಹತ್ತಿರನೂ ಇಲ್ವಾ?’ ಎಂದು ಮುತ್ತಕ್ಕ ಕೇಳಿದರು. ಆ ದನಿಯನ್ನು ನಿಮಗೆ ಹೇಗೆ ಕೇಳಿಸಲಿ ನಾನು.

ಆಗ ಅಷ್ಟು ಹೊತ್ತೂ ನೆಟ್ಟಗೆ ನಿಂತಿದ್ದ ಬೆಳ್ಳಿಯಪ್ಪನವರು ಬ್ಲೇಜರಿನ ಗುಂಡಿ ಬಿಚ್ಚಿದರು. ಪದಕಗಳು ಸದ್ದು ಮಾಡಿದವು. ಬಿಚ್ಚಿ, ಪದಕಗಳ ಸಮೇತ ಮಗನ ಮೇಲೆ ಹೊದಿಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ನಿಂತು ಗಲ್ಲದವರೆಗೂ ಎಳೆದು, ಅಂಚುಗಳನ್ನು ಭುಜದ ಕೆಳಗೆ ಸಿಕ್ಕಿಸಿದರು. ಮುತ್ತಕ್ಕ ಇನ್ನೊಮ್ಮೆ ಕೆನ್ನೆ ಮುಟ್ಟಿ ನೋಡಿ, ‘ಹ್ಞೂಂ’ ಎಂದರು. ‘ಇನ್ನು ಊರಿಗೆ ಹೋಗೋಣ.’

ಹೋದವರು ತಿರುಗಿ ದೆಹಲಿಗೆ ಬರಲಿಲ್ಲ. ಮನೆ ಸಾಮಾನನ್ನು ನಾವೇ ಕಟ್ಟಿ ಲಾರಿಗೆ ಹಾಕಿ ಕಳಿಸಿದೆವು. ಈಗಲೂ ಮುತ್ತಕ್ಕ ಯಾವಾಗಲಾದರೂ ಫೋನು ಮಾಡುತ್ತಾರೆ, ಬೆಳ್ಳಿಯಪ್ಪನವರಿಗೆ ಕಿವಿ ಮಂದವಾಗಿದೆಯಂತೆ. ಹವಾಮಾನದ ಮಾತನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಉಕ್ಕಿದ ಹಾಲು ಒರೆಸಿ, ಒಲೆ ತೊಳೆದು, ಇಷ್ಟು ಬರೆಯುವ ಹೊತ್ತಿಗೆ ಮಗಳೇ ಫೋನು ಮಾಡಿದಳು. ವಿಡಿಯೋ ನೋಡಿ ಉತ್ತರ ಕೊಡಲಿಲ್ಲವೆಂದು ಮುನಿಸು. ಹಿಂದೆ ಗೆಳತಿಯರ ಗಲಾಟೆ.

‘ಅಮ್ಮ, ನಾವು ಮಾರ್ಕೆಟ್‌ನಲ್ಲಿದೀವಿ. ನಿನಗೇನು ತರ್ಲಿ, ಜಲ್ದಿ ಹೇಳು.’

‘ಒಂದು ಉಣ್ಣೆ ಶಾಲು ತಾ’ ಎಂದೆ. ‘ದಪ್ಪದ್ದು. ಬ್ಯಾಗಲ್ಲಿ ಇಟ್ಕೊಳ್ಳೋ ಹಳೇದು ಸವೆದುಹೋಗಿದೆ.’

‘ಅರೇ ಯಾರ್ ಅಮ್ಮ!’ ಎಂದು ಅವಳು ನಕ್ಕಳು. ‘ಮೇ ಜೂನ್‌ನಲ್ಲೂ ಅದನ್ನ ಹೊತ್ಕೊಂಡು ಮೆಟ್ರೋದಲ್ಲಿ ತಿರುಗ್ತೀಯ. ನನ್ನ ಫ್ರೆಂಡ್ಸೆಲ್ಲ ನಗ್ತಾರೆ. ಅಷ್ಟು ಗರ್ಮಿಯಲ್ಲಿ ಯಾರಿಗೆ ಚಳಿ ಆಗುತ್ತೆ, ಬೋಲೋ?’

ಇಷ್ಟು ವರ್ಷ ಅವಳು ಹೀಗೆ ಕೇಳಿದಾಗಲೆಲ್ಲ ನಾನೂ ನಕ್ಕು ಮಾತು ತೇಲಿಸಿದ್ದೇನೆ. ಇವತ್ತು ನಗಲಾಗಲಿಲ್ಲ.

‘ಮನೆಗೆ ಬಾ ಮಗಳೇ, ಹೇಳ್ತೀನಿ’ ಎಂದೆ.